ಹೆಸರು ಸರಿ, ಬಾಯಿ ಬೇರೆ

ನನ್ನ ಹೆಸರನ್ನೇ ಇಟ್ಟುಕೊಂಡು ನನಗಿಂತ ಎಷ್ಟೋ ಪಾಲು ಹೆಚ್ಚು ಹೆಸರು ಮಾಡಿರುವ ಮಹನೀಯರ ಸನ್ನಿಧಾನಕ್ಕೆ,

ವಿಷಯ: ಒಂದೇ ಹೆಸರನ್ನು ಇಬ್ಬರು ಬಳಸುತ್ತಿರುವುದರಿಂದ ಅವರಲ್ಲಿ ಒಬ್ಬರಿಗೆ ಆಗಿರುವ ಅನ್ಯಾಯದ ಕುರಿತು.

ಮಾನ್ಯರೇ,

ತಾವು ಆರೋಗ್ಯದಿಂದಲೂ ಎಂದಿನ ಅತೃಪ್ತಿಯಿಂದಲೂ ಇದ್ದೀರಿ ಎಂದು ನಂಬಿ, ಎರಡೂ ಕೈ ಜೋಡಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ರೂಢಿಯಂತೆ ತಮ್ಮ ಹೆಸರನ್ನು ಮೇಲ್ಗಡೆ ಬರೆಯಬೇಕಿತ್ತು. ಬರೆದೂ ನೋಡಿದೆ. ಮೇಲೆ ತಮ್ಮ ಹೆಸರು, ಕೆಳಗೆ ನನ್ನ ಹೆಸರು, ನಡುವೆ ಇಷ್ಟುದ್ದದ ದೂರು; ಓದಿದವರು ಇವನ್ಯಾರೋ ತನಗೆ ತಾನೇ ಕಾಗದ ಬರೆದುಕೊಂಡು ತನ್ನ ಮೇಲೆ ತಾನೇ ಸಿಟ್ಟಾಗಿದ್ದಾನೆ ಎಂದುಕೊಳ್ಳುವುದು ಗ್ಯಾರಂಟಿ ಅನಿಸಿ ಎರಡೂ ಕಡೆ ಅಳಿಸಿದೆ. ತಮ್ಮ ವಿಳಾಸ ನನಗೆ ಗೊತ್ತಿಲ್ಲ. ತಮ್ಮ ಅಭಿಪ್ರಾಯಗಳು ಸಿಗುವಷ್ಟು ಸುಲಭವಾಗಿ ತಾವು ಸಿಗುವುದಿಲ್ಲ. ಆದ್ದರಿಂದಲೇ ನಾಲ್ಕು ಜನರ ಎದುರಿಗೆ, ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ. ಕ್ಷಮಿಸಬೇಕು.

ನಮ್ಮಿಬ್ಬರ ನಡುವೆ ರಕ್ತಸಂಬಂಧವಿಲ್ಲ, ನೆರೆಹೊರೆಯಿಲ್ಲ, ಹಳೆಯ ಜಗಳವೂ ಇಲ್ಲ. ಇರುವುದು ಹೆಸರೊಂದೇ, ಅದರ ಹಿಂದಿನ ಇನಿಷಿಯಲ್ ಕೂಡ, ಯಾರೋ ಬೇಕೆಂದೇ ಮಾಡಿದ ಹಾಗೆ, ಒಂದೇ ಅಕ್ಷರ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಈ ಹೆಸರಿನವರು ಮೂವರಿದ್ದೆವು, ಯಾರಿಗೂ ತೊಂದರೆಯಾಗಲಿಲ್ಲ. ಒಬ್ಬ ಕುಳ್ಳ, ಒಬ್ಬ ಮೂಲೆಮನೆಯವನು, ನಾನು ನೆಗಡಿ. ಜನ ಬಿಡಿಸಿ ಬಿಡಿಸಿ ಕರೆಯುತ್ತಿದ್ದರು. ಈಗಿನ ಇಂಟರ್ನೆಟ್ಟಿನ ಹುಡುಕಾಟದ ಯಂತ್ರಕ್ಕೆ ಕುಳ್ಳ ಯಾರು, ನೆಗಡಿ ಯಾರು ಎಂಬುದು ತಿಳಿಯದು. ಮನೆಮಂದಿಯ ಅಂಗಿಗಳನ್ನೆಲ್ಲ ಒಂದೇ ಗೂಟಕ್ಕೆ ನೇತುಹಾಕುವ ಹಾಗೆ ನಮ್ಮಿಬ್ಬರ ಬದುಕನ್ನೂ ಅದು ಒಂದೇ ಕಡೆ ತೂಗುಹಾಕಿದೆ. ಗೂಟದ ಪಕ್ಕದಲ್ಲಿ ತಮ್ಮ ಭಾವಚಿತ್ರವಿದೆ. ತುಂಬು ಗಡ್ಡ, ಗಂಟಿಕ್ಕಿದ ಹುಬ್ಬು. ನನಗೆ ಗಡ್ಡವಿಲ್ಲ.

ನನ್ನ ಬಗ್ಗೆ ಎರಡು ಮಾತು. ನಾನು ಹಲ್ಲು ಕಟ್ಟುವವನು. ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕೆಳಗಿನ ಮಹಡಿಗೆ ಕಳಿಸುತ್ತಾರೆ, ನಾನು ಆ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕೂರಿಸಿ, ಉಜ್ಜಿ ಹೊಳಪು ಬರಿಸಿ ಮೇಲಕ್ಕೆ ಕಳಿಸುತ್ತೇನೆ. ಇಪ್ಪತ್ತಾರು ವರ್ಷದಿಂದ ಸಾವಿರಾರು ಜನರ ನಗು ನನ್ನ ಕೈಯಿಂದ ಹೋಗಿದೆ, ಅವರಲ್ಲಿ ಒಬ್ಬರ ಮುಖವನ್ನೂ ನಾನು ಸರಿಯಾಗಿ ನೋಡಿಲ್ಲ. ಒಬ್ಬರನ್ನು ಬಿಟ್ಟು. ಅವರ ವಿಷಯ ಆಮೇಲೆ ಬರುತ್ತದೆ. ಏಳು ವರ್ಷದಿಂದ ದೊಡ್ಡ ಆಸ್ಪತ್ರೆಯೊಂದರ ದಂತ ಲ್ಯಾಬಿನಲ್ಲಿದ್ದೇನೆ. ಈ ವರ್ಷ ನಮ್ಮ ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದವರು, ನಿವೃತ್ತರಾದರು. ಆ ಕುರ್ಚಿ ನನಗೆ ಬರಬೇಕಿತ್ತು. ಬರಬೇಕು ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಬಾಯಿ ಕಟ್ಟಿದವನಿಗೆ ಒಮ್ಮೆಯಾದರೂ ತನ್ನ ಬಾಯಿ ತೆರೆದು ನಾಲ್ಕು ಜನರಿಗೆ ಕೆಲಸ ಹೇಳಬೇಕೆನಿಸುತ್ತದೆ.

ಅಷ್ಟರಲ್ಲಿ ನಡುವೆ ತಾವು ಬಂದಿರಿ. ಆಡಳಿತ ಕಚೇರಿಯ ಗುಮಾಸ್ತರು ಒಂದು ದಿನ ಮೆಟ್ಟಿಲಲ್ಲಿ ಸಿಕ್ಕವರು ಅತ್ತಿತ್ತ ನೋಡಿ, "ಸಾರ್, ಆಯ್ಕೆ ಸಮಿತಿಯವರು ನಿಮ್ಮ ಹೆಸರು ಹಾಕಿ ಹುಡುಕಿದ್ರು. ಒಂದು ಮಾತು ಕೇಳ್ಲಾ, ನಿಮಗೆ ಪ್ರಪಂಚದಲ್ಲಿ ಯಾವುದೂ ಇಷ್ಟ ಇಲ್ವಾ?" ಎಂದು ಕೇಳಿದರು. ಆ ಸಂಜೆ ನಾನೂ ನಮ್ಮ ಹೆಸರು ಹಾಕಿ ಹುಡುಕಿದೆ, ತಮ್ಮ ಸಾಧನೆಯನ್ನು ಓದುತ್ತಾ ಕೂತೆ.

ನಾನೂರ ಹನ್ನೆರಡು ವಿಮರ್ಶೆಗಳು. ಒಂದೊಂದಕ್ಕೂ ಒಂದೊಂದೇ ನಕ್ಷತ್ರ. ಹೋಟೆಲು, ಚಪ್ಪಲಿ ಅಂಗಡಿ, ಗ್ರಂಥಾಲಯಗಳನ್ನು ಬೈಯುವುದು ಯಾರಿಗಾದರೂ ಬರುತ್ತದೆ. ತಾವು ಅಲ್ಲಿಗೆ ನಿಲ್ಲುವವರಲ್ಲ. ಬಸ್ ನಿಲ್ದಾಣದ ಬೆಂಚಿಗೆ ತಾವು ಬರೆದದ್ದು: "ಕೂತವರನ್ನು ಬೇಗ ಎಬ್ಬಿಸಲೆಂದೇ ಮಾಡಿದಂತಿದೆ." ಒಂದು ಕೊಡೆಗೆ: "ಮಳೆ ಇಲ್ಲದಾಗ ಚೆನ್ನಾಗಿ ಕೆಲಸ ಮಾಡುತ್ತದೆ." ಗುಡ್ಡದ ಮೇಲಿನ ಸೂರ್ಯಾಸ್ತಕ್ಕೆ: "ಬೋರ್ಡಿನಲ್ಲಿ ಹಾಕಿದ ಸಮಯಕ್ಕಿಂತ ನಾಲ್ಕು ನಿಮಿಷ ಮೊದಲೇ ಮುಗಿಸಿಬಿಟ್ಟರು." ಸ್ಮಶಾನಕ್ಕೆ: "ಹೋದವರನ್ನು ವಿಚಾರಿಸುವವರಿಲ್ಲ." ಸಮುದ್ರಕ್ಕೆ, ಯಾವುದೋ ಒಂದು ಕಡಲತೀರಕ್ಕಲ್ಲ, ಇಡೀ ಸಮುದ್ರಕ್ಕೆ: "ಮೊದಲಿನಷ್ಟಿಲ್ಲ. ಉಪ್ಪು ಜಾಸ್ತಿ." ಮಾನ್ಯರೇ, ಸೃಷ್ಟಿಯಾದಂದಿನಿಂದ ಯಾರೂ ಹೇಳದೆ ಉಳಿದಿದ್ದ ಮಾತನ್ನು ಧೈರ್ಯವಾಗಿ ಹೇಳಿದ್ದಕ್ಕೆ ತಮ್ಮನ್ನು ಅಭಿನಂದಿಸುತ್ತೇನೆ. ಆದರೆ ಅದು ನನ್ನ ಹೆಸರಿನಲ್ಲಿ ಆಗಬೇಕಿತ್ತೆ?

ತಮ್ಮ ಕೀರ್ತಿಯ ಬಿಸಿ ನನಗೆ ತಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಹದಿನೈದು ವರ್ಷದಿಂದ ನನ್ನ ತಲೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸುತ್ತಿದ್ದ ಕ್ಷೌರದಂಗಡಿಯವರು ಈಗ ಮುಕ್ಕಾಲು ಗಂಟೆ ಕತ್ತರಿ ಆಡಿಸಿ, ಕನ್ನಡಿಯನ್ನು ಹಿಂದೆ ಹಿಡಿದು, ಬಲಕ್ಕೆ ಹಿಡಿದು, "ಸಾರ್, ಏನಾದ್ರೂ ಇದ್ರೆ ಇಲ್ಲೇ ಹೇಳ್ಬಿಡಿ, ಬರೀಬೇಡಿ" ಎಂದು ಕೈ ಮುಗಿಯುತ್ತಾರೆ. ಮನೆಯಾಕೆಯ ಮಾತೇ ಬೇರೆ. ಆಕೆ ಪೂರ್ತಿ ಓದಿ, ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು, "ಮನೇಲಿ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋಕೆ ನಿಮಗೆ ಬಾಯಿ ಬರಲ್ಲ, ಅಲ್ಲಿ ಹೋಗಿ ಸಮುದ್ರಕ್ಕೆ ಉಪ್ಪು ಜಾಸ್ತಿ ಅಂತೀರಾ?" ಎಂದಳು. ಅದು ನಾನಲ್ಲ ಕಣೇ ಎಂದರೆ, ಗಡ್ಡ ಅಂಟಿಸಿಕೊಂಡು ಫೋಟೋ ತೆಗೆಸಿಕೊಳ್ಳುವ ಗಂಡಸರನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂಬ ಉತ್ತರ ಬಂತು. ಎಲ್ಲಿ ನೋಡಿದ್ದಾಳೋ ಗೊತ್ತಿಲ್ಲ.

ನನ್ನ ಅಕ್ಕನ ಮಗಳು ದೊಡ್ಡವರ ಹೆಸರು ಕೆಡದಂತೆ ಕಾಯುವ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಹಾಗೂ ಒಂದು ಕೆಲಸ ಇದೆ ಎಂದು ನನಗೆ ಆಗಲೇ ತಿಳಿದದ್ದು. ಅವಳು ಹೇಳಿದ್ದು ಇಷ್ಟು: "ಮಾವ, ಕೆಟ್ಟದ್ದನ್ನ ಅಳಿಸೋಕಾಗಲ್ಲ. ಅದರ ಮೇಲೆ ಒಳ್ಳೇದನ್ನ ಪೇರಿಸ್ತಾ ಹೋಗ್ಬೇಕು. ಎರಡನೇ ಪುಟಕ್ಕೆ ಯಾರೂ ಬರಲ್ಲ." ಅವಳ ಮಾತು ಕೇಳಿ ನಾನು ಒಂದು ಪುಟ ತೆರೆದು 'ಕಟ್ಟಿಸಿದ ಹಲ್ಲಿನ ಆರೈಕೆ' ಎಂಬ ಲೇಖನ ಬರೆದೆ, ಬಿಡಿ ಹಲ್ಲುಗಳ ಚಿತ್ರ ಹಾಕಿದೆ. ಯಂತ್ರ ಆ ಹಲ್ಲುಗಳನ್ನು ಕ್ಷಣದಲ್ಲಿ ಒಯ್ದು ತಮ್ಮ ಗಡ್ಡದ ಪಕ್ಕದಲ್ಲಿ ಇಟ್ಟಿತು. ನಾಲ್ಕನೇ ದಿನ ತಾವೂ ಲೇಖನ ಓದಿ ಒಂದು ನಕ್ಷತ್ರ ದಯಪಾಲಿಸಿದಿರಿ: "ಲೇಖಕರಿಗೆ ಹಲ್ಲಿನ ಮೇಲಿರುವ ಪ್ರೀತಿ ಓದುವವರ ಮೇಲೆ ಇಲ್ಲ." ಗುಮಾಸ್ತರು ಮತ್ತೆ ಮೆಟ್ಟಿಲಲ್ಲಿ ಸಿಕ್ಕರು. "ಸಾರ್, ಈಗ ನಿಮಗೆ ನೀವೇ ಒಂದು ಸ್ಟಾರ್ ಕೊಟ್ಕೊಂಡಿದ್ದೀರಲ್ಲ!" ಸಮಿತಿಯ ಒಬ್ಬ ಸದಸ್ಯರು ಇದನ್ನು ವಿನಯವೆಂದು ಮೆಚ್ಚಿಕೊಂಡರಂತೆ.

ಸಂದರ್ಶನಕ್ಕೆ ಇನ್ನು ಹತ್ತು ದಿನ ಇದ್ದಾಗ ಈ ಪತ್ರದ ಮೊದಲ ಕರಡನ್ನು ಬರೆದೆ. ಅದರಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವಿದ್ದವು. ಹತ್ತು ದಿನದ ಮಟ್ಟಿಗೆ ತಾವು ಯಾವುದಾದರೂ ಒಂದು ವಸ್ತುವನ್ನು, ಒಂದು ಸೂಜಿಯನ್ನಾದರೂ, ಮೆಚ್ಚಿಕೊಳ್ಳಬೇಕು. ಅದು ಆಗದಿದ್ದರೆ ತಮ್ಮ ಅತೃಪ್ತಿಯನ್ನು ಭಾವಮೈದುನರ ಹೆಸರಿನಲ್ಲಿ ಪ್ರಕಟಿಸಬೇಕು. ಅದೂ ಆಗದಿದ್ದರೆ ಹತ್ತು ದಿನ ಕಣ್ಣು ಮುಚ್ಚಿಕೊಂಡು ಮನೆಯಲ್ಲೇ ಇರಬೇಕು, ಮನೆಗೂ ನಕ್ಷತ್ರ ಕೊಡಬಾರದು. ಒಂದು ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು: ಈ ಅವಧಿಯಲ್ಲಿ ದಯವಿಟ್ಟು ತೀರಿಕೊಳ್ಳಬಾರದು, ಏಕೆಂದರೆ ಸುದ್ದಿ ಯಂತ್ರಕ್ಕೆ ಸಿಕ್ಕಿತೆಂದರೆ ನನ್ನ ಮನೆಗೆ ಜನ ಬರುತ್ತಾರೆ, ಸಂದರ್ಶನದ ಪಟ್ಟಿಯಿಂದ ನನ್ನನ್ನು ತೆಗೆಯುತ್ತಾರೆ. ಇಷ್ಟು ಬರೆದು ನಾನೇ ಮೆಚ್ಚಿಕೊಂಡಿದ್ದೆ. ಕಳಿಸಲಿಲ್ಲ. ಕಾರಣ, ತಮ್ಮ ಗೂಟಕ್ಕೆ ನೇತಾಡುತ್ತಿದ್ದ ಅಂಗಿಗಳನ್ನು ಒಂದೊಂದಾಗಿ ಎಣಿಸುವಾಗ ನನ್ನದೇ ಒಂದು ಕೈಗೆ ಸಿಕ್ಕಿತು.

ಈಗ ಆ ಒಬ್ಬರ ವಿಷಯ ಹೇಳಬೇಕು. ಎಂಟು ವರ್ಷದ ಹಿಂದೆ, ಈ ಆಸ್ಪತ್ರೆಗೆ ಸೇರುವ ಮೊದಲು, ನಾನು ಹೊರಗಿನ ಒಂದು ಲ್ಯಾಬಿನಲ್ಲಿದ್ದೆ; ಅದು ಈಗ ಮುಚ್ಚಿಹೋಗಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹಲ್ಲಿನ ಸೆಟ್ಟು ಗಟ್ಟಿಯಾಗುವ ಮೊದಲು, ಅಂಗುಳಿನ ಕಡೆ, ಅದು ಯಾರದೋ ಅವರ ಹೆಸರು ಬರೆದ ಸಣ್ಣ ಚೀಟಿಯನ್ನು ಒಳಗಿಟ್ಟು ಮುಚ್ಚುತ್ತೇವೆ. ಸೆಟ್ಟು ಎಲ್ಲಿ ಕಳೆದರೂ ಯಜಮಾನರಿಗೆ ತಲುಪಲಿ ಎಂದು. ಹೆಸರಿನ ಕೆಳಗೆ ನೋಂದಣಿ ಸಂಖ್ಯೆಯನ್ನೂ ಬರೆಯಬೇಕು. ಆ ವಾರ ಒಂದೇ ಹೆಸರಿನ ಇಬ್ಬರು ವೃದ್ಧೆಯರ ಅಚ್ಚು ಒಟ್ಟಿಗೆ ಬಂದಿತ್ತು, ಇಬ್ಬರ ದವಡೆಯ ಅಳತೆಯೂ ಹೆಚ್ಚುಕಡಿಮೆ ಒಂದೇ. ಚೀಟಿ ಚಿಕ್ಕದು, ನನ್ನ ಅಕ್ಷರ ದಪ್ಪ, ಸಂಖ್ಯೆ ಬರೆಯಲು ಜಾಗ ಸಾಲಲಿಲ್ಲ. ಹೆಸರೊಂದೇ ಸಾಕು ಅಂದುಕೊಂಡೆ. ಮೇಲಿನ ಸಾಲಿನ ಸೆಟ್ಟುಗಳು ಅದಲುಬದಲಾದವು.

ಇಬ್ಬರಲ್ಲಿ ಒಬ್ಬರು ಊರಿಗೆ ಹೋದವರು ನಲವತ್ತು ದಿನ ಬರಲಿಲ್ಲ, ಆದ್ದರಿಂದ ಅವರಿಗೆಂದು ಇಟ್ಟ ಸೆಟ್ಟು ಕಪಾಟಿನ ನೀರಿನಲ್ಲಿ ಹಾಗೇ ಇತ್ತು. ಇನ್ನೊಬ್ಬರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಹೇಳಿದ ದಿನವೇ ಬಂದು ಹಾಕಿಸಿಕೊಂಡು ಹೋದರು. ಬಾಯಿ ಹುಣ್ಣಾಯಿತು. ಡಾಕ್ಟರು ಹೊಸದು, ಒಗ್ಗಿಕೊಳ್ಳುತ್ತದೆ ಎಂದರು. ಆಕೆ ಒಗ್ಗಿಸಿಕೊಳ್ಳಲು ನೋಡಿದರು. ಮಗಳು ಸೆಟ್ಟನ್ನು ಕೈಗೆ ತೆಗೆದುಕೊಂಡು ದೀಪದ ಕೆಳಗೆ ತಿರುಗಿಸಿ ನೋಡಿದರೆ ಅಮ್ಮನ ಹೆಸರೇ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಹೆಸರು ಸರಿಯಾಗಿಯೇ ಇತ್ತು, ಬಾಯಿ ಬೇರೆ. ನಲವತ್ತು ದಿನ ನೀರು ನೀರಾದ ಊಟ ಕುಡಿದು ಆಕೆ ಅರ್ಧಕ್ಕರ್ಧ ಇಳಿದುಹೋಗಿದ್ದರು. ಊರಿಗೆ ಹೋದವರು ಮರಳಿ ಬಂದು, ಅವರ ಸೆಟ್ಟು ಕೂರದಿದ್ದಾಗ ತಪ್ಪು ಗೊತ್ತಾಯಿತು; ಹುಣ್ಣಾದ ವಸಡಿಗೆ ಹಳೆಯ ಅಳತೆ ಹೊಂದದೆಂದು ನಾನು ಮೂರೇ ದಿನದಲ್ಲಿ ಹೊಸ ಸೆಟ್ಟು ಮಾಡಿದೆ, ನಾನೇ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಕೊಟ್ಟೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಆಕೆ ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, "ನನ್ನ ಬಾಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣಪ್ಪ" ಎಂದರು. ಅಷ್ಟೇ. ಆ ಮಾತನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ.

ಮಗಳು ಸುಮ್ಮನಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ರೋಗಿಗಳ ದೂರಿನ ಪುಟವೊಂದರಲ್ಲಿ ನಮ್ಮ ಹೆಸರನ್ನು ಇನಿಷಿಯಲ್ ಸಮೇತ ಬರೆದು, "ಈ ಮನುಷ್ಯ ನಮ್ಮಮ್ಮನಿಗೆ ನಲವತ್ತು ದಿನ ಬೇರೆಯವರ ಹಲ್ಲಿನಲ್ಲಿ ಊಟ ಮಾಡಿಸಿದ" ಎಂದು ಹಾಕಿದರು. ಲ್ಯಾಬಿನ ಹೆಸರು ಹಾಕಲಿಲ್ಲ. ನಾನು ಉಗುರು ಕಚ್ಚುತ್ತಾ ಕಾದೆ. ಯಂತ್ರ ಅದನ್ನು ಎತ್ತಿಕೊಂಡು, ಈ ಹೆಸರಿನಲ್ಲಿ ಇಷ್ಟೊಂದು ಕಹಿ ಇರುವುದು ಯಾರ ಹತ್ತಿರ ಎಂದು ನೋಡಿ, ಸೀದಾ ತಮ್ಮ ಗಡ್ಡದ ಕೆಳಗೆ ತಂದಿಟ್ಟಿತು. ಅಂದು ನಾನು ನೆಮ್ಮದಿಯಿಂದ ನಿದ್ದೆ ಮಾಡಿದೆ ಎಂಬುದನ್ನು ನಾಚಿಕೆಯಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಆಮೇಲೆ ಮರೆತೂ ಬಿಟ್ಟೆ. ತಮ್ಮಿಂದ ನನ್ನ ಹೆಸರು ಕೆಟ್ಟಿತು ಎಂದು ಈ ವರ್ಷ ಕೂಗಾಡುವಾಗ, ಎಂಟು ವರ್ಷದಿಂದ ನನ್ನ ಹೆಸರು ಕೆಡದಂತೆ ಕಾದವರು ತಾವೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷೆ ಮೇಡಂ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗಡ್ಡ, ಸಮುದ್ರ, ಸೂರ್ಯಾಸ್ತ, ಹಲ್ಲಿನ ದೂರು, ಎಲ್ಲವೂ ಒಂದರ ಕೆಳಗೊಂದು ಇದ್ದವು. "ಇವರು ನೀವಲ್ಲ ಅಲ್ವಾ?" ಎಂದರು. ಅವರ ಬೆರಳು ಭಾವಚಿತ್ರದ ಮೇಲಿತ್ತು. ಅಲ್ಲ ಮೇಡಂ ಎಂದೆ. "ಹಾಗಾದ್ರೆ ಇದ್ಯಾವುದೂ ನಿಮ್ಮದಲ್ಲ" ಎಂದು ಅವರೇ ಹೇಳಿಕೊಂಡು ಪರದೆಯನ್ನು ಹಿಂದಕ್ಕೆ ತಿರುಗಿಸಿದರು. ನಾನು ಹಲ್ಲು ಕಿರಿದೆ. ಮಾನ್ಯರೇ, ಆ ಕೋಣೆಯಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೇಳದೆಯೇ ಕೆಲಸ ಆಯಿತು.

ಮರುವಾರ, ತಾವು ಹೊಸದಾಗಿ ಏನನ್ನು ಬೈದಿದ್ದೀರಿ ಎಂಬ ಚಪಲಕ್ಕೆ ನೋಡಿದಾಗ, ನಾನೂರ ಹದಿನಾಲ್ಕನೆಯದು ಕಂಡಿತು. ಒಂದು ವೃದ್ಧಾಶ್ರಮಕ್ಕೆ ಬರೆದದ್ದು. ತಮ್ಮ ಮಾತನ್ನು ತಮಗೇ ಓದಿ ಹೇಳುವುದು ಉದ್ಧಟತನ, ಆದರೂ ಇಲ್ಲಿ ಬೇಕಾಗಿದೆ: "ಒಂದು ನಕ್ಷತ್ರ. ಮೂರು ವರ್ಷದಿಂದ ಪ್ರತಿ ಮಂಗಳವಾರ ಇಲ್ಲಿನವರಿಗೆ ಪೇಪರ್ ಓದಿ ಹೇಳುತ್ತಿದ್ದೆ. ಯಾರೋ ನನ್ನ ಹೆಸರು ಹುಡುಕಿ, ಮುದುಕರ ಬಾಯಿ ಹಾಳು ಮಾಡಿದವನು ಎಂದು ಗೇಟಿನಲ್ಲೇ ನಿಲ್ಲಿಸಿದರು. ನಾನು ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವನು, ಜೀವಮಾನದಲ್ಲಿ ಒಂದು ಹಲ್ಲು ಮುಟ್ಟಿಲ್ಲ ಎಂದು ಹೇಳಿದೆ. ಕೇಳಲಿಲ್ಲ. ಟೀ ಚೆನ್ನಾಗಿರುತ್ತಿತ್ತು." ಕೊನೆಯ ವಾಕ್ಯವನ್ನು ನಾನು ಐದಾರು ಸಲ ಓದಿದೆ. ನಾನೂರ ಹದಿನಾಲ್ಕರಲ್ಲಿ ತಾವು ಹೊಗಳಿದ್ದು ಅದೊಂದನ್ನೇ.

ಮಾರನೆಯ ದಿನ ಬೆಳಿಗ್ಗೆಯೇ ಅಧ್ಯಕ್ಷೆ ಮೇಡಂ ಅವರ ಕೋಣೆಗೆ ಹೋಗಿ, ನಿಂತುಕೊಂಡೇ, ಹಲ್ಲಿನ ದೂರು ನನ್ನದು ಎಂದು ಹೇಳಿದೆ. ಅವರು ನನ್ನನ್ನು ಕೂರಿಸಿದರು. "ಆ ಗಡ್ಡದವರು ನಿಮಗೆ ಏನಾಗ್ಬೇಕು? ಸಂಬಂಧಿಕರಾ? ಅವರ ಮೇಲೆ ಕನಿಕರ ಇರ್ಲಿ, ಬೇಡ ಅನ್ನಲ್ಲ, ಅವರ ತಪ್ಪನ್ನ ನೀವ್ಯಾಕೆ ತಲೆ ಮೇಲೆ ಹೊತ್ಕೊಳ್ತೀರಾ? ಇಂಥವರೇ ನಮಗೆ ಬೇಕು" ಎಂದು, ಕಾಫಿ ತರಿಸಿದರು. ಇಲ್ಲ ಮೇಡಂ, ನಿಜವಾಗಿಯೂ ನಾನೇ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಕಾಫಿ ಕುಡಿದೆ. ಮಧ್ಯಾಹ್ನ ನೇಮಕದ ಆದೇಶ ಬಂತು. ಬಾಗಿಲ ಮೇಲೆ ಈಗ ಹಿತ್ತಾಳೆಯ ಫಲಕದಲ್ಲಿ ನಮ್ಮ ಹೆಸರಿದೆ, ತಮಗೂ ಸೇರಿ ಅಭಿನಂದನೆಗಳು.

ಬಾಯಿಯಲ್ಲಿ ಹೇಳಿದ್ದು ಸಾಲದು, ಬರೆದೇ ಹೇಳೋಣ ಎಂದು ಆಮೇಲೆ ಆ ಮಗಳ ದೂರಿನ ಕೆಳಗೆ, ಲ್ಯಾಬಿನ ಹೆಸರು, ತಿಂಗಳು, ಚೀಟಿಯ ಕಥೆ ಎಲ್ಲವನ್ನೂ ಬಿಡಿಸಿ, ತಪ್ಪು ನನ್ನದು, ಕ್ಷಮೆ ಕೇಳುತ್ತೇನೆ ಎಂದು ಬರೆದು ಹೆಸರು ಹಾಕಿದೆ. ಬರೆದು ಮುಗಿಸಿ ಎದೆ ಹಗುರವಾಯಿತು ಎನ್ನುವಷ್ಟರಲ್ಲಿ ಯಂತ್ರ ತನ್ನ ಕರ್ತವ್ಯವನ್ನು ಪಾಲಿಸಿತು. ಈಗ ಯಾರು ಹುಡುಕಿದರೂ ತಮ್ಮ ಗಡ್ಡದ ಕೆಳಗೆ ದೂರು ಮಾತ್ರವಲ್ಲ, ತಪ್ಪೊಪ್ಪಿಗೆಯೂ ಇದೆ. ಇಷ್ಟು ದಿನ ತಮ್ಮ ಮೇಲೆ ಅನುಮಾನವಿತ್ತು, ನನ್ನ ಪ್ರಾಮಾಣಿಕತೆಯಿಂದ ಅದು ಖಚಿತವಾಗಿದೆ. ಅಕ್ಕನ ಮಗಳನ್ನು ಕೇಳಿದರೆ, "ಮಾವ, ನಿಮ್ಮ ಹೆಸರು ಈಗ ಎಷ್ಟು ಕ್ಲೀನಾಗಿದೆ ಗೊತ್ತಾ, ಕೈ ಹಾಕ್ಬೇಡಿ" ಎಂದು ಫೋನ್ ಇಟ್ಟಳು.

ಆದ್ದರಿಂದ ತಮ್ಮಲ್ಲಿ ನನ್ನ ಕೊನೆಯ ವಿನಂತಿ, ಹಳೆಯ ಬೇಡಿಕೆಗಳನ್ನೆಲ್ಲ ವಾಪಸು ಪಡೆದು, ಇಷ್ಟೇ. ತಾವು ನನ್ನನ್ನು ಬೈಯಬೇಕು. ಸಮುದ್ರವನ್ನು ಬೈದದ್ದಕ್ಕಿಂತ ಜೋರಾಗಿ, ವಿವರವಾಗಿ, ನಮ್ಮ ಆಸ್ಪತ್ರೆಯ ದಂತ ಲ್ಯಾಬಿನ ಮುಖ್ಯಸ್ಥ ಎಂದು ಬಿಡಿಸಿ ಹೇಳಿ ಬೈಯಬೇಕು. ತಮ್ಮ ಬೈಗುಳಕ್ಕೆ ಮಾತ್ರ ಯಂತ್ರ ಬೆಲೆ ಕೊಡುತ್ತದೆ. ಅದರಿಂದ ಈ ಕುರ್ಚಿ ಹೋದರೆ ಹೋಗಲಿ ಎಂದು ಬರೆಯಲು ಕೈ ಸ್ವಲ್ಪ ತಡೆಯುತ್ತಿದೆ, ಆದರೂ ಬರೆದಿದ್ದೇನೆ, ಅಳಿಸುವುದಿಲ್ಲ.

ಇಂತಿ ತಮ್ಮ ಹೆಸರಿನಲ್ಲಿ ಎಂಟು ವರ್ಷ ಸುಖವಾಗಿದ್ದ,
ತಮ್ಮ ವಿಶ್ವಾಸಿ
(ಹೆಸರು ತಮಗೆ ಗೊತ್ತೇ ಇದೆ)

ತಾ.ಕ.: ಈ ಪತ್ರ ತಮಗೆ ಯಾವಾಗ ತಲುಪುತ್ತದೋ ತಿಳಿಯದೆ, ಕಳೆದ ಮಂಗಳವಾರ ಅರ್ಧ ದಿನ ರಜೆ ಹಾಕಿ ಆ ವೃದ್ಧಾಶ್ರಮಕ್ಕೆ ನಾನೇ ಹೋಗಿದ್ದೆ, ತಪ್ಪು ಮಾಡಿದವನು ನಾನು, ಅವರನ್ನು ಒಳಗೆ ಬಿಡಿ ಎಂದು ಹೇಳಿ ಬರೋಣ ಎಂದು. ಗೇಟಿನ ಕಾವಲುಗಾರರು ಪುಸ್ತಕ ಮುಂದಿಟ್ಟು ಹೆಸರು ಬರೆಯಲು ಹೇಳಿದರು. ಬರೆದೆ. ಅವರು ಪುಸ್ತಕ ತಿರುಗಿಸಿಕೊಂಡು ಓದಿ, ನನ್ನ ಮುಖವನ್ನು ಒಂದು ನಿಮಿಷ ನೋಡಿ, "ಗಡ್ಡ ತೆಗೆಸ್ಕೊಂಡು ಬಂದ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ?" ಎಂದು ಗೇಟು ಹಾಕಿಕೊಂಡರು.